ಗೋಳಿ ಗಿಡ ಉದ್ದಕ್ಕೇ ಹೋಗ್ತಿದೆ, ಗಿಡ್ಡ ಮಾಡೋದು ಹೇಗೆ?

ಪ್ರಶ್ನೆ (ಕೋಡಿಬಾಗ, ಕಾರವಾರ): ಮನೆಯ ಹಳೇ ಬಾವಿಯ ಚಿರೆಕಲ್ಲಿನ ಸಂದಿಯಲ್ಲಿ ಹುಟ್ಟಿದ್ದ ಸಣ್ಣ ಎಲೆಯ ಗೋಳಿ (ಆಲದ ಜಾತಿಯ ಮರ) ಸಸಿಯನ್ನು ಎರಡು ವರ್ಷದ ಹಿಂದೆ ಕಿತ್ತು ಕುಂಡಕ್ಕೆ ಹಾಕಿದೆ. ಈಗ ಎರಡಡಿ ಎತ್ತರ, ಬುಡ ಹೆಬ್ಬೆರಳಿನಷ್ಟು ದಪ್ಪ. ಐದು ಇಂಚಿನ ಹತ್ತಿರ ಒಂದು ಟೊಂಗೆ ಬಿಟ್ಟರೆ ಕೆಳಗೆಲ್ಲ ಬೋಳು. ಮೊನ್ನೆ ತಂತಿ ಸುತ್ತಿ ಬಗ್ಗಿಸಲು ಹೋದಾಗ ಆ ಟೊಂಗೆಯೂ ಬುಡದಲ್ಲಿ ಅರ್ಧ ಸೀಳಿತು. ಒಂದಡಿಯೊಳಗೆ ದಟ್ಟವಾದ ಬೋನ್ಸಾಯ್ ಆಗಬೇಕು ಅಂತ ಆಸೆ. ಮಳೆ ಬೇರೆ ಹತ್ತಿರ ಬಂತು. ಏನು ಮಾಡಲಿ?

ಉತ್ತರ (ನರ್ಸರಿಯವರು): ಮೊದಲು ತಂತಿ ತೆಗೆಯಿರಿ. ಸೀಳಿದ ಜಾಗವನ್ನು ಒತ್ತಿ ಕೂಡಿಸಿ, ಕಸಿ ಕಟ್ಟುವ ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತಿ. ಅರ್ಧವೇ ಸೀಳಿದ್ದರೆ ಗೋಳಿ ಕೂಡಿಕೊಳ್ಳುತ್ತದೆ. ಆ ಟೊಂಗೆಯ ಎಲೆಗೆ ಕೈ ಹಚ್ಚಬೇಡಿ, ಮುಂದಿನ ಒಂದು ತಿಂಗಳು ಗಿಡಕ್ಕೆ ಅದೇ ಆಧಾರ.

ನಿಮ್ಮ ಗಿಡಕ್ಕೆ ಈಗ ಬೇಕಾಗಿರೋದು ಕತ್ತರಿ, ತಂತಿ ಅಲ್ಲ. ತಂತಿ ಟೊಂಗೆಗೆ ದಿಕ್ಕು ಕೊಡುತ್ತದೆ ಅಷ್ಟೇ. ಗಿಡ್ಡ ಆಗೋದು, ದಟ್ಟ ಆಗೋದು ಎಲ್ಲ ಕತ್ತರಿಯಿಂದ. ತುದಿಯ ಕುಡಿ ಇರುವವರೆಗೆ ಅದು ಕೆಳಗಿನ ಮೊಗ್ಗುಗಳನ್ನು ಏಳಲು ಬಿಡುವುದಿಲ್ಲ. ಅದಕ್ಕೇ ಕೆಳಗೆ ಬೋಳು. ಆ ಟೊಂಗೆಯಿಂದ ಒಂದು ಇಂಚು ಮೇಲೆ ಕಾಂಡವನ್ನು ಓರೆಯಾಗಿ ಕತ್ತರಿಸಿ, ಗಾಯ ಹಿಂದುಗಡೆಗೆ ಬರಲಿ. ಹದಿನೆಂಟು ಇಂಚು ಕತ್ತರಿಸಿ ಬಿಸಾಕಲು ಮನಸ್ಸು ಬರುವುದಿಲ್ಲ, ಗೊತ್ತು. ಆದರೆ ಇವತ್ತು ಕತ್ತರಿಸದಿದ್ದರೆ ಇನ್ನೆರಡು ವರ್ಷ ಬಿಟ್ಟು ಇದೇ ಪ್ರಶ್ನೆ ಕೇಳುತ್ತೀರಿ.

ಬಿಳಿ ಹಾಲು ಸುರಿಯುತ್ತದೆ. ಹೆದರಬೇಡಿ, ನೀರು ಚಿಮುಕಿಸಿದರೆ ನಿಲ್ಲುತ್ತದೆ. ಕಣ್ಣಿಗೆ ಮಾತ್ರ ತಾಗಿಸಿಕೊಳ್ಳಬೇಡಿ. ಹಾಲು ಒಣಗಿದ ಮೇಲೆ ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ: 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, ಒಂದು ಲೀಟರ್ ನೀರು. ಕುಂಡವನ್ನು ಮಾಡಿನ ಹನಿ ಬೀಳದ ಕಡೆ, ಬೆಳಕಿರುವ ಜಗಲಿಯಲ್ಲಿಡಿ. ಎಲೆ ಕಡಿಮೆ ಆದ್ದರಿಂದ ನೀರೂ ಕಡಿಮೆ ಸಾಕು. ಅದೇ ದಿನ ಕುಂಡ ಬದಲಿಸಬೇಡಿ. ಮೇಲೂ ಗಾಯ, ಕೆಳಗೂ ಗಾಯ ಅಂದರೆ ಗಿಡ ತಡೆದುಕೊಳ್ಳುವುದಿಲ್ಲ.

ಮೂರ್ನಾಲ್ಕು ವಾರದಲ್ಲಿ ಚಿಗುರು ಬರುತ್ತದೆ. ಪ್ರತಿ ಚಿಗುರು ಆರೆಂಟು ಎಲೆ ಬಿಡುವವರೆಗೆ ಸುಮ್ನೆ ಬಿಡಿ, ಆಮೇಲೆ ಎರಡು ಎಲೆಗೆ ಮೊಟಕು ಮಾಡಿ. ಇಲ್ಲಿ ಒಂದು ವಿಷಯ ಹತ್ತಿರದಿಂದ ನೋಡಬೇಕು. ಎಲೆಯ ತೊಟ್ಟು ಕಡ್ಡಿಗೆ ಸೇರುವ ಕಂಕುಳಲ್ಲಿ ಅಕ್ಕಿಯ ನುಚ್ಚಿನಷ್ಟು ಮೊಗ್ಗು ಇರುತ್ತದೆ. ಉಳಿಸಿದ ಕೊನೆಯ ಎಲೆ ಯಾವ ಕಡೆ ನೋಡುತ್ತದೋ ಹೊಸ ಟೊಂಗೆ ಆ ಕಡೆಗೇ ಹೋಗುತ್ತದೆ. ಹೊರಗೆ ನೋಡುವ ಎಲೆಗಿಂತ ಸ್ವಲ್ಪ ಮೇಲೆ ಕತ್ತರಿಸಿದರೆ ತಂತಿಯ ಅರ್ಧ ಕೆಲಸ ಅಲ್ಲೇ ಮುಗಿಯಿತು. ಒಂದೂ ಎಲೆ ಉಳಿಸದೆ ಕತ್ತರಿಸಿದರೆ ಎಳೆ ಟೊಂಗೆ ಬುಡದವರೆಗೂ ಒಣಗಬಹುದು.

ಪ್ರಶ್ನೆ (ಅವರೇ): ಹಾಗಾದರೆ ತಂತಿ ಯಾವಾಗ? ಮನೆಯಲ್ಲಿ ಕಬ್ಬಿಣದ ತಂತಿ ಇದೆ.

ಉತ್ತರ: ಕಬ್ಬಿಣ ಬೇಡ. ಸಮುದ್ರದ ಗಾಳಿಗೆ ನೋಡನೋಡುತ್ತಲೇ ತುಕ್ಕು ಹಿಡಿಯುತ್ತದೆ, ಮೆತ್ತಗೆ ಬಗ್ಗುವುದೂ ಇಲ್ಲ. ಅಲ್ಯೂಮಿನಿಯಂ ತಂತಿ ತನ್ನಿ, ಟೊಂಗೆಯ ದಪ್ಪದ ಮೂರನೇ ಒಂದು ಭಾಗ ಇದ್ದರೆ ಸಾಕು. ಚಿಗುರು ಹಸಿರು ಬಿಟ್ಟು ಕಂದು ಬಣ್ಣಕ್ಕೆ ತಿರುಗಿದಾಗ ಸುತ್ತಿ. ಒಂದೇ ತಂತಿಯನ್ನು ಕಾಂಡಕ್ಕೆ ಒಂದು ಸುತ್ತು ಹಾಕಿ ಎರಡು ಟೊಂಗೆಗೆ ಒಯ್ದರೆ ಜಾರುವುದಿಲ್ಲ. 45 ಡಿಗ್ರಿ ಓರೆ ಇರಲಿ. ಬಗ್ಗಿಸುವಾಗ ಎರಡೂ ಹೆಬ್ಬೆರಳು ಒಳಬಾಗಿಗೆ ಆನಿಸಿ, ತಂತಿ ಹೊರಬಾಗಿನಲ್ಲಿರಲಿ. ನಿಮ್ಮ ಟೊಂಗೆ ಸೀಳಿದ್ದು ಬಹುಶಃ ಇಲ್ಲೇ ತಪ್ಪಿ.

ಮಳೆಗಾಲದಲ್ಲಿ ಗೋಳಿ ಬೇಗ ದಪ್ಪ ಆಗುತ್ತದೆ. ವಾರಕ್ಕೊಮ್ಮೆ ನೋಡಿ. ತೊಗಟೆ ತಂತಿಯ ಪಕ್ಕ ಉಬ್ಬಿದರೆ ಅವತ್ತೇ ತೆಗೆಯಿರಿ, ಬಿಚ್ಚಬೇಡಿ, ತುಂಡು ತುಂಡಾಗಿ ಕತ್ತರಿಸಿ. ಒಂದು ವರ್ಷ ನಾನು ಅಡಿಕೆ ಕೊಳೆರೋಗದ ಔಷಧಿಯ ಓಡಾಟದಲ್ಲಿ ಎರಡು ತಿಂಗಳು ಒಂದು ಗಿಡದ ಕಡೆ ನೋಡಲೇ ಇಲ್ಲ. ತಂತಿ ತೊಗಟೆಯೊಳಗೆ ಹೂತಿತ್ತು. ಆರು ವರ್ಷ ಆಯಿತು, ಸುರುಳಿ ಗುರುತು ಇನ್ನೂ ಹೋಗಿಲ್ಲ. ಆ ಗಿಡ ನೋಡಿದಾಗಲೆಲ್ಲ ಬೇಜಾರಾಗುತ್ತದೆ.

ಪ್ರಶ್ನೆ (ಶಿರಸಿ): ನಮ್ಮಲ್ಲಿ ಡಿಸೆಂಬರ್‌ನಲ್ಲಿ ಚಳಿ ಜಾಸ್ತಿ. ಆಗ ಹೀಗೆ ಕತ್ತರಿಸಬಹುದಾ?

ಉತ್ತರ: ಬೇಡ. ಚಳಿಗೆ ಚಿಗುರು ನಿಧಾನ. ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೆ ಕತ್ತರಿಸಿ. ಚಳಿಗಾಲದಲ್ಲಿ ತಂತಿ ಸುತ್ತಬಹುದು, ಬೇಗ ತೊಗಟೆಗೆ ಕಚ್ಚುವುದಿಲ್ಲ.

ಪ್ರಶ್ನೆ (ಕೋಡಿಬಾಗದವರು, ಐದು ವಾರದ ನಂತರ): ಕತ್ತರಿಸಿದೆ. ಸೀಳಿದ ಟೊಂಗೆ ಬದುಕಿದೆ! ಬೋಳು ಕಾಂಡದಲ್ಲಿ ಒಂಬತ್ತು ಚಿಗುರು. ಗಾಯದ ಕೆಳಗೆ ಒಂದೇ ಗಿಣ್ಣಿನ ಸುತ್ತ ಮೂರು ಬಂದಿವೆ. ಎಲ್ಲ ಇರಲಿ ಅನ್ನಿಸುತ್ತದೆ.

ಉತ್ತರ: ಓದಿ ತುಂಬಾ ಖುಷಿಯಾಯಿತು. ಆದರೆ ಒಂದೇ ಕಡೆ ಮೂರು ಬೆಳೆದರೆ ಆ ಜಾಗ ಗಂಟಿನಂತೆ ಊದಿ, ಕಾಂಡ ಕೆಳಗಿಗಿಂತ ಮೇಲೆ ದಪ್ಪ ಕಾಣುತ್ತದೆ. ನೆಟ್ಟಗೆ ಮೇಲೆ ಹೋಗುವ ಒಂದನ್ನು ಹೊಸ ತುದಿಗೆಂದು ಇಟ್ಟುಕೊಳ್ಳಿ. ಉಳಿದೆರಡನ್ನು ಎಳೆಯದಾಗಿರುವಾಗಲೇ ಉಗುರಿನಿಂದ ಚಿವುಟಿ. ಕೆಳಗಿನ ಆರಕ್ಕೆ ಈಗ ಏನೂ ಮಾಡಬೇಡಿ, ಆರೆಂಟು ಎಲೆ ಆದ ಮೇಲೆ ಫೋಟೊ ಹಾಕಿ.