ಪತಿಯ ವಲಸೆ ಅರ್ಜಿ ಬಾಕಿ ಇರುವಾಗ ಓದಲು ಹೋಗಬಹುದೇ?

ಪ್ರಶ್ನೆ (ತುಮಕೂರಿನಿಂದ): ಅಮೆರಿಕದಲ್ಲಿ ಗ್ರೀನ್ ಕಾರ್ಡ್ ಹೊಂದಿರುವ ನನ್ನ ಪತಿ ನನಗಾಗಿ ಐ-130 (ಕುಟುಂಬದವರನ್ನು ಕರೆಸಿಕೊಳ್ಳುವ ವಲಸೆ ಅರ್ಜಿ) ಸಲ್ಲಿಸಿದ್ದಾರೆ. ಅದು ಇತ್ಯರ್ಥವಾಗುವ ಮೊದಲೇ ವಿದ್ಯಾರ್ಥಿ ವೀಸಾದಲ್ಲಿ ಅಲ್ಲಿಗೆ ತೆರಳಿ ಎಂ.ಎಸ್. ಓದಬಹುದೇ, ಅಥವಾ ಇಲ್ಲಿಯೇ ತುಮಕೂರು ವಿಶ್ವವಿದ್ಯಾನಿಲಯದಲ್ಲಿ ಎಂ.ಎಸ್ಸಿ.ಗೆ ಸೇರುವುದು ಲೇಸೇ?

ಉತ್ತರ 1: ಅರ್ಜಿ ಹಾಕಲು ಅಡ್ಡಿಯಿಲ್ಲ. ಆದರೆ ಎಫ್-1 (ವಿದ್ಯಾರ್ಥಿ) ವೀಸಾ ಕೇಳುವವರು ಓದು ಮುಗಿದ ಮೇಲೆ ಹಿಂದಿರುಗುವುದಾಗಿ ಅಧಿಕಾರಿಗೆ ಮನವರಿಕೆ ಮಾಡಿಕೊಡಬೇಕಾಗುತ್ತದೆ. ನಿಮ್ಮ ಪತಿಯ ಅರ್ಜಿಯೋ ನೀವು ಅಲ್ಲಿಯೇ ನೆಲೆಸಬಯಸುವಿರೆಂದು ಹೇಳುತ್ತದೆ. ವೀಸಾ ಕೋರಿ ತುಂಬುವ ಡಿಎಸ್-160 ನಮೂನೆಯಲ್ಲಿ ಈ ಕುರಿತು ಪ್ರಶ್ನೆಯೇ ಇದೆ. ದಯವಿಟ್ಟು ಮರೆಮಾಚಬೇಡಿ, ಮುಂದಿನ ವಲಸೆ ವೀಸಾಕ್ಕೇ ಕುತ್ತು ಬಂದೀತು.

ಉತ್ತರ 2: ಪ್ರವಾಸಿ ವೀಸಾದಲ್ಲಿ ಹೋಗಿ ಪದವಿ ತರಗತಿಗೆ ಸೇರುವಂತಿಲ್ಲ. ನಿಮ್ಮ ಎಫ್2ಎ ವರ್ಗಕ್ಕೆ (ಗ್ರೀನ್ ಕಾರ್ಡ್ ಹೊಂದಿದವರ ಪತಿ/ಪತ್ನಿ, ಮಕ್ಕಳು) ಕೊಡುವ ವೀಸಾಗಳಿಗೆ ವಾರ್ಷಿಕ ಮಿತಿಯಿರುವುದರಿಂದ ಸರದಿಗಾಗಿ ಕಾಯಬೇಕಾಗಬಹುದು. ಆ ಅವಧಿಯಲ್ಲಿ ತುಮಕೂರಿನಲ್ಲಿ ಓದಿದರೆ ಅರ್ಜಿಗೆ ಬಾಧಕವಿಲ್ಲ.

ಪ್ರಶ್ನಿಸಿದವರು: ಪತಿ ಪೌರತ್ವ ಪಡೆದರೆ?

ಉತ್ತರ 2: ಆಗ ಆ ಮಿತಿ ಅನ್ವಯಿಸುವುದಿಲ್ಲ.