ಅಪ್ಪನ ಅಡಿಕೆ ಡಬ್ಬಿಯ ಹಡಗು ಯಾವ ಪಿಕ್ಚರಿನದು?

ಪ್ರಶ್ನೆ (ಹುಬ್ಬಳ್ಳಿ): ನಮ್ಮ ಅಪ್ಪನಿಗೆ ಈಗ 85. ಹುಡುಗನಿದ್ದಾಗ ಇಲ್ಲಿನ ಒಂದು ಟಾಕೀಸಿನಲ್ಲಿ ಆಪರೇಟರ್ ಕೈಕೆಳಗೆ ರೀಲ್ ಸುತ್ತುತ್ತಿದ್ದರು. ಭಾನುವಾರ ಬೆಳಗ್ಗೆ ಇಂಗ್ಲಿಷ್ ಪಿಕ್ಚರ್. ರೈಲ್ವೆ ವರ್ಕ್‌ಶಾಪಿನವರೇ ಜಾಸ್ತಿ ಬರುತ್ತಿದ್ದರಂತೆ. ರೀಲ್ ಹರಿದರೆ ಎರಡು ಚೌಕ ಕತ್ತರಿಸಿ ಅಂಟಿಸೋದು, ತುಂಡು ಜೇಬಿಗೆ ಹಾಕಿಕೊಳ್ಳೋದು. ಅಂಥದ್ದೊಂದು ತುಂಡು ಮೊನ್ನೆ ಅಡಿಕೆ ಡಬ್ಬಿಯಲ್ಲಿ ಸಿಕ್ಕಿತು. ಕಿಟಕಿಗೆ ಹಿಡಿದು ನೋಡಿದರೆ ಬಿಳಿ ಹಾಯಿ, ಕಡುನೀಲಿ ಸಮುದ್ರ. "ಆಫ್ರಿಕಾ. ಆನಿ ದಂತ ಕದ್ದು ಒಯ್ತಾರ, ಒಬ್ಬ ಬಿಳಿಯ ಬೆನ್ನ ಹತ್ತತಾನ" ಅಂತಾರೆ ಅಪ್ಪ. ಹೆಸರು ಮಾತ್ರ ನೆನಪಿಲ್ಲ. ಯಾರಿಗಾದರೂ ಗೊತ್ತಾ?

ಉತ್ತರ (ಹಾವೇರಿ): 'ವೆಸ್ಟ್ ಆಫ್ ಜಾಂಜಿಬಾರ್' ಇರಬೇಕು ನೋಡ್ರಿ. 1954, ಬ್ರಿಟನ್ನಿನ ಈಲಿಂಗ್ ಸ್ಟುಡಿಯೋದ್ದು. ನಿರ್ದೇಶಕ ಹ್ಯಾರಿ ವಾಟ್. ಆಂಥನಿ ಸ್ಟೀಲ್ ಕಾಡಿನ ವಾರ್ಡನ್, ದಂತದ ಕಳ್ಳರ ಹಿಂದೆ ಬೀಳುತ್ತಾನೆ. ಇದರ ಮೊದಲ ಭಾಗ 1951ರ 'ವೇರ್ ನೋ ವಲ್ಚರ್ಸ್ ಫ್ಲೈ'. ಅದರಲ್ಲಿ ಹೆಂಡತಿ ಡೈನಾ ಶೆರಿಡನ್, ಇದರಲ್ಲಿ ಶೀಲಾ ಸಿಮ್. ನಮ್ಮ ಧಾರಾವಾಹಿಗಳ ಹಾಗೇ! ಹುಡುಕುವಾಗ ಹುಷಾರು. ಇದೇ ಹೆಸರಿನ ಮೂಕಿ ಚಿತ್ರ 1928ರಲ್ಲಿ ಬಂದಿದೆ, ನಟ ಲಾನ್ ಚೇನಿಯದು. ಅದರಲ್ಲೂ ದಂತದ ವ್ಯಾಪಾರಿ ಇದ್ದಾನೆ.

ಉತ್ತರ (ಧಾರವಾಡ): ಮೂಕಿದು ಕಪ್ಪು ಬಿಳುಪು, ಅದನ್ನು ಬಿಡಿ. ನಿಮ್ಮ ತುಂಡಿನ ನೀಲಿ ಮಾಸಿಲ್ಲ ಅಂದರೆ ಅದು ಟೆಕ್ನಿಕಲರ್ ಪ್ರಿಂಟ್. ಒಂದೊಂದೇ ಬಣ್ಣವನ್ನು ಫಿಲ್ಮಿನ ಮೇಲೆ ಒತ್ತುತ್ತಿದ್ದರು, ಅಚ್ಚಿನ ಸೀರೆಗೆ ಒತ್ತಿದ ಹಾಗೆ. ಆ ಕಾಲದ ಈಸ್ಟ್‌ಮನ್ ಕಲರ್ ಆಗಿದ್ದರೆ ಇಷ್ಟೊತ್ತಿಗೆ ಸಮುದ್ರವೆಲ್ಲ ಗುಲಾಬಿ ಆಗಿರುತ್ತಿತ್ತು.

ಉತ್ತರ (ಗದಗ): ಸಮುದ್ರ ಚೆನ್ನಾಗಿದೆ, ಒಪ್ಪಿದೆ. ಕಥೆ ನನಗೆ ಗಂಟಲಲ್ಲಿ ಇಳಿಯಲಿಲ್ಲ. ನೆಲ ಬರಡಾಗಿ ಬುಡಕಟ್ಟಿನವರು ಕರಾವಳಿಗೆ ಬರುತ್ತಾರೆ, ಹುಡುಗರು ದುಡ್ಡಿನ ಆಸೆಗೆ ಕಳ್ಳರ ಜೊತೆ ಸೇರುತ್ತಾರೆ. ದಾರಿಗೆ ತರೋಕೆ ಬಿಳಿಯನೇ ಬೇಕು. ಕಥೆ ನಡೆಯೋ ಕೀನ್ಯಾದಲ್ಲಿ ಆಗ ನಿಜಕ್ಕೂ ನಡೆದಿದ್ದೇನು? 1952ರಿಂದ ತುರ್ತುಸ್ಥಿತಿ, ಬ್ರಿಟಿಷ್ ಆಳ್ವಿಕೆಯ ವಿರುದ್ಧ ಮೌ ಮೌ ದಂಗೆ. ಭೂಮಿ ಕಳಕೊಂಡವರ ಸಿಟ್ಟು ಅದು. ಇನ್ನು ಬುಡಕಟ್ಟಿನ ಮುಖಂಡನ ಪಾತ್ರ ಮಾಡಿದ ಎಡ್ರಿಕ್ ಕಾನರ್ ಆಫ್ರಿಕಾದವರೂ ಅಲ್ಲ, ಟ್ರಿನಿಡಾಡಿನ ಹಾಡುಗಾರ.

ಪ್ರಶ್ನೆ ಕೇಳಿದವರು: ಸಿಕ್ಕಿತು, ನಿನ್ನೆ ರಾತ್ರಿ ಅಪ್ಪನಿಗೆ ಹಚ್ಚಿ ತೋರಿಸಿದೆ. ಕಥೆ ಒಂದೂ ನೆನಪಿಲ್ಲವಂತೆ. "ಕಥಿ ಯಾರ್ ನೋಡ್ತಿದ್ರು?" ಅಂದರು. ರೀಲ್ ಬದಲಿಸೋ ಹೊತ್ತಿಗೆ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕಿ ಮಿಂಚುತ್ತಿತ್ತಲ್ಲ, ಪೂರ್ತಿ ಹೊತ್ತು ಅದನ್ನೇ ಕಾಯುತ್ತ ಕೂತಿದ್ದರು. ಬರಲೇ ಇಲ್ಲ. "ಯಾವನೋ ಅಳಿಸ್ಯಾನ" ಅಂತ ಬೈಕೊಂಡು ಮಲಗಿದರು.