ಟಿವಿ ಗೇಮ್ ಹುಚ್ಚು ಹಿಡಿಸಿದ್ದು ಯಾವುದು?

ಕೊಪ್ಪಳ ಹುಡುಗ: ನನಗೆ ಕಾಂಟ್ರಾ, ಗುಂಡು ಹಾರಿಸುತ್ತಾ ಓಡೋ ಗೇಮ್. ಗವಿಮಠದ ಜಾತ್ರೆಯಲ್ಲಿ ಹಟ ಮಾಡಿ ಕೊಡಿಸಿಕೊಂಡಿದ್ದು. ಕಾರ್ಟ್ರಿಡ್ಜ್ (ಗೇಮ್ ಕ್ಯಾಸೆಟ್) ಮೇಲೆ 9999 ಗೇಮ್ ಅಂತ ಬರೆದಿತ್ತು, ಒಳಗೆ ಅವೇ ನಾಲ್ಕೈದು ತಿರುಗಿ ತಿರುಗಿ ಬರ್ತಿದ್ವು. ನಿಮ್ಮದು?

ರಾಯಚೂರು ಬಿಸಿಲು: ಕಾಂಟ್ರಾನೇ ಅಣ್ಣ. ಶುರುವಲ್ಲೇ ಈ ಬಟನ್‌ಗಳನ್ನು ಸಾಲಾಗಿ ಒತ್ತಿದರೆ ಸಾಕು: ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ ಎಡ ಬಲ, ಬಿ, ಎ, ಸ್ಟಾರ್ಟ್. 30 ಲೈಫ್! ಆದರೆ ಸೇವ್ ಇರಲಿಲ್ಲ ಅಲ್ವಾ, ಕೊನೇ ಬಾಸ್ (ದೊಡ್ಡ ಶತ್ರು) ಹತ್ತಿರ ಕರೆಂಟ್ ಹೋದರೆ ಮತ್ತೆ ಮೊದಲ ಹಂತದ ಕಾಡಿನಿಂದ ಶುರು.

ಬಳ್ಳಾರಿ ಅಕ್ಕ: ನನಗೆ ಡಕ್ ಹಂಟ್, ಟಿವಿಯಲ್ಲಿ ಹಾರೋ ಬಾತುಕೋಳಿಗೆ ಆಟದ ಬಂದೂಕಿನಿಂದ ಗುರಿ ಇಟ್ಟು ಹೊಡೆಯೋದು. ಆ ಬಂದೂಕಿನಿಂದ ಏನೂ ಹಾರಲ್ಲ, ಅದು ಬೆಳಕು ನೋಡುತ್ತೆ ಅಷ್ಟೇ. ಟ್ರಿಗರ್ ಒತ್ತಿದ ಕೂಡಲೇ ಪರದೆ ಕಪ್ಪಾಗಿ, ಬಾತುಕೋಳಿ ಇದ್ದ ಜಾಗ ಮಾತ್ರ ಬಿಳಿ ಚೌಕ ಆಗುತ್ತೆ, ಕಣ್ಣು ಮಿಟುಕಿಸುವಷ್ಟರಲ್ಲಿ. ಈಗಿನ ಎಲ್‌ಇಡಿ ಟಿವಿಯಲ್ಲಿ ನಡೆಯಲ್ಲ. ಡಬ್ಬಾ ಟಿವಿ ಇದ್ದರೆ ಗುಜರಿಗೆ ಹಾಕಬೇಡಿ!

ಕೊಪ್ಪಳ ಹುಡುಗ: ಅಕ್ಕಾ, ಅಟ್ಟದ ಮೇಲೆ ಒಂದಿದೆ. ಬಂದೂಕು ಎಲ್ಲಿ ಸಿಗುತ್ತೆ ಹೇಳಿ.